ಸೊನ್ನೆ ಎಲ್ಲಿಂದ ಶುರು

ಚಿತ್ರದುರ್ಗದ ಹೊರವಲಯ, ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಜಿಂಕ್ ಶೀಟಿನ ಚಾವಣಿ, ಅದರ ಕೆಳಗೆ ಕಂಪ್ರೆಸರ್, ಟ್ಯೂಬ್ ಅದ್ದಿ ನೋಡುವ ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಸವೆದ ಟೈರುಗಳು. ಅಂಗಡಿಯವನಿಗೆ ಐವತ್ತರ ಆಸುಪಾಸು. ಸ್ಕೂಟರಿನಲ್ಲಿ ಬಂದಿಳಿದವರಿಗೆ ಎಪ್ಪತ್ತು ದಾಟಿದೆ. ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಹೇಳಿಕೊಟ್ಟವರು.

ಶಿಷ್ಯ: ನೋಡಿ ಸಾರ್, ಹಿಂದಿನ ಟೈರು 29 ತೋರಿಸ್ತಿದೆ.

ಮೇಷ್ಟ್ರು: ಮತ್ತೆ ಸರಿಯಾಗಿದೆಯಲ್ಲಪ್ಪ. ಗಾಡಿಯ ಪುಸ್ತಕದಲ್ಲಿ ಬರೆದಿರೋದೂ 29 ಪೌಂಡೇ. ನಾನು ಹೊರಡ್ಲಾ?

ಶಿಷ್ಯ: ಹೊರಡಬೇಡಿ. ಇದು ಬಿಸಿ ಟೈರಿನ 29. ಈ ಉರಿಬಿಸಿಲಲ್ಲಿ ಓಡಿಸ್ಕೊಂಡು ಬಂದಿದ್ದೀರಿ, ಕೈ ಇಟ್ಟು ನೋಡಿ, ಹೇಗೆ ಸುಡ್ತಿದೆ. ಪುಸ್ತಕದ 29 ತಣ್ಣಗಿರೋ ಟೈರಿಗೆ ಹೇಳಿದ್ದು. ಗಾಡಿ ನೆರಳಿಗೆ ಹಾಕ್ತೀನಿ, ಒಂದು ಗಂಟೆ ಕೂತ್ಕೊಳ್ಳಿ, ಆಮೇಲೆ ಅಳೆಯೋಣ. ಹುಡುಗ ಟೀ ತರ್ತಾನೆ.

ಮೇಷ್ಟ್ರು: ಒಂದು ಗಂಟೇನಾ? ಅಷ್ಟೊತ್ತು ಏನಯ್ಯ ಮಾಡೋದು?

ಶಿಷ್ಯ: ನನ್ನ ಹತ್ರ ಒಂದು ಪ್ರಶ್ನೆ ಇದೆ ಸಾರ್. ಮೂವತ್ತೈದು ವರ್ಷದಿಂದ ಇದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ರಿ. ಮುಚ್ಚಿದ ಪಾತ್ರೆಯಲ್ಲಿ ಅನಿಲ ಇದೆ, 20 ಡಿಗ್ರಿಯಲ್ಲಿ ಒತ್ತಡ ಇಷ್ಟು, 40 ಡಿಗ್ರಿಗೆ ಕಾಯಿಸಿದ್ರೆ ಎಷ್ಟು ಅಂತ. ತಾಪ ಎರಡರಷ್ಟಾಯ್ತು, ಹಾಗಾಗಿ ಒತ್ತಡವೂ ಎರಡರಷ್ಟು ಅಂತ ಬರೆದೆ. ನೀವು ಕೆಂಪು ಶಾಯಿಯಲ್ಲಿ ಗೀಟು ಹೊಡೆದು ಪಕ್ಕದಲ್ಲಿ ‘273 ಕೂಡಿಸು’ ಅಂತ ಬರೆದಿದ್ರಿ. ಐದು ಅಂಕ ಹೋಯ್ತು. ಅಂಕ ಹೋದ್ರೆ ಹೋಗ್ಲಿ, ಯಾಕೆ ಕೂಡಿಸ್ಬೇಕು ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೇಷ್ಟ್ರು: ಕ್ಲಾಸಲ್ಲೇ ಕೇಳ್ಬಹುದಿತ್ತಲ್ಲೋ.

ಶಿಷ್ಯ: ಕೇಳಿದ್ದೆ ಸಾರ್. ಸೂತ್ರ ಹಾಗಿದೆ, ಬರ್ಕೋ ಅಂದ್ರಿ.

ಮೇಷ್ಟ್ರು: ಅಂದಿರ್ತೀನಿ. ನಿನಗೊಬ್ಬನಿಗೆ ಏನು, ವರ್ಷಾ ವರ್ಷಾ ಎಷ್ಟೋ ಮಕ್ಕಳಿಗೆ ಹಾಗೇ ಅಂದಿದ್ದೀನಿ. ಪಾಠ ಮುಗಿಸೋ ಅವಸರ. ಅದು ಉತ್ತರ ಅಲ್ಲ ಅಂತ ಆಗಲೂ ಗೊತ್ತಿತ್ತು ಕಣಪ್ಪ. ಸರಿ, ಇವತ್ತು ಅವಸರ ಇಲ್ಲ, ಬುಡದಿಂದ ನೋಡೋಣ. ಮೊದಲು ನೀನು ಹೇಳು. ಈ ಟೈರಿನೊಳಗೆ ಗಾಳಿ ಹೇಗಿದೆ ಅಂದ್ಕೊಂಡಿದ್ದೀಯ?

ಶಿಷ್ಯ: ಹಾಸಿಗೆಗೆ ಹತ್ತಿ ತುಂಬಿದ ಹಾಗೆ. ಒತ್ತಿ ಒತ್ತಿ ತುರುಕಿರ್ತೀವಿ. ಅದು ಹಿಗ್ಗೋಕೆ ನೋಡುತ್ತೆ, ಟೈರು ಬಿಡಲ್ಲ. ಬಿಸಿಯಾದ್ರೆ ಒಂದೊಂದು ಕಣವೂ ಉಬ್ಬುತ್ತೆ, ಆಗ ಇನ್ನೂ ಜೋರಾಗಿ ತಳ್ಳುತ್ತೆ.

ಮೇಷ್ಟ್ರು: ರಾಬರ್ಟ್ ಬಾಯ್ಲ್ ಕೂಡ ಹೆಚ್ಚುಕಡಿಮೆ ಹೀಗೇ ಯೋಚಿಸಿದ್ದ. ಅವನು ಕೊಟ್ಟ ಹೋಲಿಕೆ ಕುರಿಯ ಉಣ್ಣೆ. ನಮ್ಮ ಚಳ್ಳಕೆರೆ ಕಡೆ ಕಂಬಳಿ ನೇಯೋರ ಮನೇಲಿ ಉಣ್ಣೆ ರಾಶಿ ಹಾಕಿರ್ತಾರಲ್ಲ, ಅದುಮಿದ್ರೆ ಕುಗ್ಗುತ್ತೆ, ಕೈ ತೆಗೆದ್ರೆ ಮೇಲೇಳುತ್ತೆ, ಹಾಗೆ ಅಂತ 1660ರಲ್ಲಿ ಬರೆದ. ಎರಡು ವರ್ಷ ಕಳೆದು ಅಳತೆಗಳನ್ನೂ ಪ್ರಕಟಿಸಿದ. ಬಾಗಿಸಿದ ಗಾಜಿನ ಕೊಳವೆ, ಗಿಡ್ಡನೆ ತುದಿ ಮುಚ್ಚಿದೆ, ಉದ್ದನೆ ತುದಿ ತೆರೆದಿದೆ. ತೆರೆದ ಕಡೆಯಿಂದ ಪಾದರಸ ಸುರೀತಾ ಹೋದ. ಮುಚ್ಚಿದ ತುದಿಯಲ್ಲಿ ಸಿಕ್ಕಿಕೊಂಡ ಗಾಳಿ ಅರ್ಧ ಜಾಗಕ್ಕೆ ಇಳಿದಾಗ ಪಾದರಸ ಆ ಕಡೆ ಸುಮಾರು 29 ಇಂಚು ಎತ್ತರ ನಿಂತಿತ್ತು. ಹೊರಗಿನ ವಾತಾವರಣದ ಒತ್ತಡವೂ ಅಷ್ಟೇ ಎತ್ತರದ ಪಾದರಸಕ್ಕೆ ಸಮ. ಮೊದಲು ವಾತಾವರಣ ಒಂದೇ ಒತ್ತುತ್ತಿತ್ತು, ಈಗ ಅಂಥದ್ದು ಎರಡಾಯ್ತು. ಗಾತ್ರ ಅರ್ಧ, ಒತ್ತಡ ಎರಡರಷ್ಟು. ಅವನ ಅಳತೆ ಸರಿ, ಉಣ್ಣೆಯ ಚಿತ್ರ ಮಾತ್ರ ತಪ್ಪು.

ಶಿಷ್ಯ: ಯಾಕೆ ಸಾರ್? ನನಗೇನೋ ಸರಿ ಅನ್ನಿಸುತ್ತೆ.

ಮೇಷ್ಟ್ರು: ಉಣ್ಣೆಯ ಎಳೆಗಳು ಒಂದಕ್ಕೊಂದು ತಾಗಿಕೊಂಡಿರ್ತವೆ. ಗಾಳಿಯ ಕಣಗಳು ಹಾಗಿಲ್ಲ. ಪಶು ಆಸ್ಪತ್ರೆಯಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡೋಕೆ ಒಂದು ಕ್ಯಾನ್ ಇಟ್ಟಿರ್ತಾರೆ, ಮುಚ್ಚಳ ತೆಗೆದ್ರೆ ಬೆಳ್ಳಗೆ ಹೊಗೆಯಾಡುತ್ತೆ, ನೋಡಿದ್ದೀಯಾ?

ಶಿಷ್ಯ: ಓ, ನಮ್ಮ ಹಸು ಹೊಡ್ಕೊಂಡು ಹೋಗ್ತಿದ್ನಲ್ಲ. ಅದರೊಳಗೆ ಕೈ ಅದ್ದಿದ್ರೆ ಬೆರಳು ಸತ್ತೇಹೋಗುತ್ತೆ ಅಂತಿದ್ರು.

ಮೇಷ್ಟ್ರು: ಅದು ದ್ರವರೂಪದ ನೈಟ್ರೋಜನ್, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ. ಆ ದ್ರವ ಒಂದು ಲೀಟರ್ ಆವಿಯಾಗಿ ಈ ಅಂಗಡಿಯ ಬಿಸಿಗೆ ಬಂತು ಅಂದ್ರೆ 700 ಲೀಟರಿಗೂ ಹೆಚ್ಚು ಜಾಗ ಬೇಡುತ್ತೆ. ಅದಕ್ಕೇ ಕ್ಯಾನಿನ ಬಾಯಿ ಗಾಳಿಯಾಡದ ಹಾಗೆ ಬಿಗಿ ಮಾಡೋದಿಲ್ಲ, ಮಾಡಿದ್ರೆ ಸಿಡಿಯುತ್ತೆ. ಈಗ ಯೋಚನೆ ಮಾಡು. ದ್ರವದಲ್ಲಿ ಇದ್ದ ಕಣಗಳೇ ಅನಿಲದಲ್ಲೂ ಇವೆ. ಒಂದೂ ಹೊಸದಾಗಿ ಬಂದಿಲ್ಲ, ಒಂದೂ ಉಬ್ಬಿಲ್ಲ. ಆದ್ರೂ 700 ಲೀಟರ್. ಅಂದ್ರೆ ಅದರಲ್ಲಿ ಮುಕ್ಕಾಲು ಮೂರುವೀಸ ಪಾಲು ಬರೀ ಖಾಲಿ ಜಾಗ.

ಶಿಷ್ಯ: ಖಾಲಿ ಜಾಗ ತಳ್ಳುತ್ತಾ ಸಾರ್? ಲಾರಿ ಮೇಲೆ ಹದಿನಾರು ಟನ್ ಇರುತ್ತೆ, ಅಷ್ಟನ್ನೂ ಹೊತ್ಕೊಂಡಿರುತ್ತಲ್ಲ ಈ ಗಾಳಿ!

ಮೇಷ್ಟ್ರು: ಮಳೆಗಾಲದಲ್ಲಿ ಈ ಶೀಟಿನ ಕೆಳಗೆ ಕೂತಿರ್ತೀಯಲ್ಲ. ಮೊದಲ ಹನಿ ಬಿದ್ದಾಗ ಟಪ್ ಅನ್ನುತ್ತೆ. ಇನ್ನೊಂದು, ಮತ್ತೊಂದು, ಎಣಿಸಬಹುದು. ಮಳೆ ಹಿಡೀತು ಅಂದ್ಮೇಲೆ?

ಶಿಷ್ಯ: ಒಂದೇ ಸಮ ಮೊರೆತ. ಎದುರಿಗಿದ್ದೋರ ಮಾತು ಕೇಳ್ಸಲ್ಲ.

ಮೇಷ್ಟ್ರು: ಹನಿಗಳು ಬಿಡಿಬಿಡಿಯಾಗೇ ಬೀಳ್ತಿವೆ, ಶೀಟಿಗೆ ಅದು ಒಂದೇ ಸಮನಾದ ಒತ್ತು. ಟೈರಿನ ಒಳಗೆ ಇಂಥ ಮಳೆ ಎಲ್ಲಾ ದಿಕ್ಕಿನಿಂದ ಸುರೀತಿದೆ. ಹೊರಗಿನ ಈ ಗಾಳಿಯಲ್ಲಿ, ಒಂದು ಘನ ಸೆಂಟಿಮೀಟರ್ ಜಾಗದಲ್ಲಿ, 2ರ ಮುಂದೆ 19 ಸೊನ್ನೆ ಇಟ್ಟಷ್ಟು ಕಣ ಇವೆ. ನೈಟ್ರೋಜನ್ ಕಣ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತೆ, ಶಬ್ದಕ್ಕಿಂತ ಜೋರು. ಆದ್ರೆ ನೇರವಾಗಿ ದೂರ ಹೋಗೋಕೆ ಆಗಲ್ಲ. ಸೆಕೆಂಡಿಗೆ ಹೆಚ್ಚುಕಡಿಮೆ 700 ಕೋಟಿ ಸಲ ಬೇರೆ ಕಣಗಳಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಾಯಿಸುತ್ತೆ. ಆ ಮೂಲೆಯಲ್ಲಿ ಊದುಬತ್ತಿ ಹಚ್ಚಿದ್ರೆ ಇಲ್ಲಿಗೆ ವಾಸನೆ ಬರೋಕೆ ಹೊತ್ತಾಗೋದು ಅದಕ್ಕೇ. ಹೀಗೆ ಓಡೋ ಕಣಗಳು ಟೈರಿನ ಗೋಡೆಗೆ ಕೊಡೋ ಏಟುಗಳ ಒಟ್ಟು ಮೊತ್ತವೇ ಒತ್ತಡ. ನಿನ್ನ ಗೇಜಿನ ಮುಳ್ಳು ತೋರ್ಸೋದು ಒಳಗೆ ಎಷ್ಟು ಗಾಳಿ ತುಂಬಿದೆ ಅಂತ ಅಲ್ಲ, ಎಷ್ಟು ಏಟು ಬೀಳ್ತಿದೆ ಅಂತ.

ಶಿಷ್ಯ: ಅದಕ್ಕೇ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ತೋರಿಸುತ್ತೆ. ಗಾಳಿ ಅಷ್ಟೇ ಇದ್ರೂ.

ಮೇಷ್ಟ್ರು: ಸರಿಯಾಗಿ ಹಿಡಿದೆ. ಈ ಏಟಿನ ಚಿತ್ರವನ್ನ 1738ರಲ್ಲೇ ಡೇನಿಯಲ್ ಬರ್ನೂಲಿ ಬರೆದಿಟ್ಟಿದ್ದ. ಒಂದು ಕೊಳವೆ, ಮೇಲೆ ಭಾರ ಹೊತ್ತ ಮುಚ್ಚಳ, ಕೆಳಗಿನಿಂದ ಕಣಗಳು ಬಡಿದು ಬಡಿದು ಮುಚ್ಚಳವನ್ನ ಎತ್ತಿ ಹಿಡಿದಿವೆ. ನೂರು ವರ್ಷ ಅದನ್ನ ಯಾರೂ ಸರಿಯಾಗಿ ಗಮನಿಸಲಿಲ್ಲ. ಈಗ ಬಾಯ್ಲನ ಲೆಕ್ಕ ನೀನೇ ಬಿಡಿಸು. ಜಾಗ ಅರ್ಧ ಮಾಡಿದ್ರೆ ಒತ್ತಡ ಯಾಕೆ ಎರಡರಷ್ಟು?

ಶಿಷ್ಯ: ಅಷ್ಟೇ ಕಣ, ಅರ್ಧ ಜಾಗ. ಗೋಡೆ ಹತ್ರ ಬಂತು. ಹೋಗಿ ಬಡಿದು ಬರೋ ದಾರಿ ಅರ್ಧ ಆಯ್ತು, ಅಷ್ಟೇ ಹೊತ್ತಲ್ಲಿ ಎರಡರಷ್ಟು ಸಲ ಬಡಿಯುತ್ತೆ. ಏಟಿನ ಜೋರು ಬದಲಾಗಲ್ಲ, ಎಣಿಕೆ ಬದಲಾಗುತ್ತೆ. ಇಷ್ಟೇನಾ ಸಾರ್ ಬಾಯ್ಲ್ ನಿಯಮ?

ಮೇಷ್ಟ್ರು: ಇಷ್ಟೇ. ಆ ಸೈಕಲ್ ಪಂಪು ಕೊಡು. ಹಿಡಿ ಪೂರ್ತಿ ಮೇಲಕ್ಕೆ ಎಳೆದೆ. ಈಗ ಒಳಗಿನ ಗಾಳಿ, ನಿನ್ನ ಗೇಜ್ ಹಚ್ಚಿದ್ರೆ, ಎಷ್ಟು ತೋರಿಸುತ್ತೆ?

ಶಿಷ್ಯ: ಸೊನ್ನೆ. ಬಾಯಿ ತೆರೆದಿದೆಯಲ್ಲ.

ಮೇಷ್ಟ್ರು: ಪಂಪಿನ ಬಾಯಿಯನ್ನ ನಿನ್ನ ಹೆಬ್ಬೆರಳಲ್ಲಿ ಬಿಗಿಯಾಗಿ ಮುಚ್ಚು. ನಾನು ಹಿಡಿಯನ್ನ ಅರ್ಧಕ್ಕೆ ಒತ್ತುತ್ತೀನಿ. ಬಾಯ್ಲನ ಪ್ರಕಾರ ಒತ್ತಡ ಎರಡರಷ್ಟಾಗ್ಬೇಕು. ಸೊನ್ನೆಯ ಎರಡರಷ್ಟು ಎಷ್ಟು?

ಶಿಷ್ಯ: ಸೊನ್ನೇನೇ. ಆದ್ರೆ ಸಾರ್, ಬೆರಳನ್ನ ಜೋರಾಗಿ ತಳ್ತಿದೆ, ಹಿಡಿಯೋಕೇ ಆಗ್ತಿಲ್ಲ!

ಮೇಷ್ಟ್ರು: ಹಾಗಾದ್ರೆ ಯಾರು ಸುಳ್ಳು? ಬಾಯ್ಲನೋ, ಗೇಜಿನ ಸೊನ್ನೆಯೋ?

ಶಿಷ್ಯ: ಗೇಜಿನ ಸೊನ್ನೆ. ಅದು ನಿಜವಾದ ಸೊನ್ನೆ ಅಲ್ಲ.

ಮೇಷ್ಟ್ರು: ಅಲ್ಲ. ಹೊರಗಿನ ಗಾಳಿ ಒತ್ತೋದನ್ನ ಅದು ಲೆಕ್ಕಕ್ಕೇ ತಗೊಳ್ಳಲ್ಲ, ಅದರ ಮೇಲಿಂದ ಎಣಿಸೋಕೆ ಶುರು ಮಾಡುತ್ತೆ. ಸಮುದ್ರದ ಮಟ್ಟದಲ್ಲಿ, ಮಂಗಳೂರಲ್ಲಿ ಅನ್ನು, ಗಾಳಿ ಒಂದು ಚದರ ಇಂಚಿನ ಮೇಲೆ 14.7 ಪೌಂಡ್ ಒತ್ತುತ್ತೆ. ನಮ್ಮ ಊರು ಸುಮಾರು 730 ಮೀಟರ್ ಎತ್ತರ, ಇಲ್ಲಿ 13.5ರ ಹತ್ರ. ಬೆರಳು ಸೇರಿಸಿ ನಿನ್ನ ಅಂಗೈ 20 ಚದರ ಇಂಚು ಅಂದ್ಕೋ. ಅದರ ಮೇಲೆ ಈಗ 120 ಕಿಲೋ ಭಾರ ಇದೆ. ಕೈ ಕೆಳಗಿನಿಂದಲೂ ಅಷ್ಟೇ ಒತ್ತೋದ್ರಿಂದ ಗೊತ್ತಾಗಲ್ಲ. ಪಂಪಿನೊಳಗೆ 13.5 ಇತ್ತು, ಅರ್ಧ ಮಾಡಿದಾಗ 27 ಆಯ್ತು, ನಿನ್ನ ಬೆರಳಿಗೆ ತಿಳಿದದ್ದು ಹೆಚ್ಚಿಗೆ ಬಂದ 13.5. ಪೂರ್ತಿ ಗಾಳಿ ಹೋಗಿ ಚಪ್ಪಟೆ ಆದ ಟೈರಿನಲ್ಲೂ 13.5 ಇದ್ದೇ ಇರುತ್ತೆ.

ಶಿಷ್ಯ: ಅಯ್ಯೋ, ಇಷ್ಟು ವರ್ಷ ಸೊನ್ನೆ ಸೊನ್ನೆ ಅಂತ ಗಿರಾಕಿಗಳಿಗೆ ತೋರಿಸ್ತಿದ್ನಲ್ಲ. ಸಾರ್, ಪಂಪಿನ ಬುಡ ನೋಡಿ, ಬೆಚ್ಚಗಾಗಿದೆ. ಇದೂ ಯಾವಾಗಲೂ ಆಗುತ್ತೆ. ಉಜ್ಜಾಟದಿಂದ ಅಂತ ನಮ್ಮ ಗುರು ಹೇಳ್ತಿದ್ರು.

ಮೇಷ್ಟ್ರು: ಉಜ್ಜಾಟವೂ ಸ್ವಲ್ಪ ಇದೆ, ಮುಖ್ಯ ಕಾರಣ ಅದಲ್ಲ. ನಿಂತಿರೋ ಗೋಡೆಗೆ ಚೆಂಡು ಎಸೆದ್ರೆ ಬಂದಷ್ಟೇ ವೇಗದಲ್ಲಿ ವಾಪಸ್ ಹೋಗುತ್ತೆ. ಬ್ಯಾಟು ಮುಂದಕ್ಕೆ ಬೀಸಿ ಹೊಡೆದ್ರೆ?

ಶಿಷ್ಯ: ಬೌಂಡ್ರಿ.

ಮೇಷ್ಟ್ರು: ಪಂಪಿನ ವಾಷರ್ ಮುಂದಕ್ಕೆ ಬರೋ ಬ್ಯಾಟು. ಅದಕ್ಕೆ ತಾಗಿದ ಪ್ರತಿ ಕಣವೂ ಬಂದದ್ದಕ್ಕಿಂತ ಜೋರಾಗಿ ಹಿಂದಿರುಗುತ್ತೆ. ಕಣ ಜೋರಾಗಿ ಓಡೋದನ್ನೇ ನಾವು ಬಿಸಿ ಅನ್ನೋದು. ಈ ರೋಡಲ್ಲಿ ಹೋಗೋ ಪ್ರತಿ ಡೀಸೆಲ್ ಲಾರಿಯ ಇಂಜಿನ್ನೂ ನಿನ್ನ ಪಂಪಿನ ದೊಡ್ಡಣ್ಣ. ಸ್ಪಾರ್ಕ್ ಪ್ಲಗ್ ಇಲ್ಲ ಅದಕ್ಕೆ. ಗಾಳಿಯನ್ನ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಒಮ್ಮೆಲೇ ಅದುಮಿದ್ರೆ ಅದು ಡೀಸೆಲ್ ತಾನಾಗಿ ಹೊತ್ಕೊಳ್ಳೋಷ್ಟು ಕಾಯುತ್ತೆ. ಬಾಯ್ಲನ ಲೆಕ್ಕ ಸರಿ ಬರೋದು ನಿಧಾನವಾಗಿ ಒತ್ತಿ, ಆ ಬಿಸಿ ಹೊರಗೆ ಹೋಗೋಕೆ ಬಿಟ್ಟಾಗ ಮಾತ್ರ.

ಶಿಷ್ಯ: ಈಗ ನನ್ನ 273ಕ್ಕೆ ಬನ್ನಿ ಸಾರ್.

ಮೇಷ್ಟ್ರು: ಬಂದೆ. ಒಂದೇ ಒಂದು ಕಣ ತಗೋ. ಎರಡು ಗೋಡೆ ಮಧ್ಯೆ ಹೋಗೋದು ಬರೋದು ಮಾಡ್ತಿದೆ. ಅದರ ವೇಗ ಎರಡರಷ್ಟಾಯ್ತು ಅನ್ನು. ಗೋಡೆಗೆ ಬೀಳೋ ಏಟು ಏನಾಗುತ್ತೆ?

ಶಿಷ್ಯ: ಎರಡರಷ್ಟು ಜೋರಾಗುತ್ತೆ.

ಮೇಷ್ಟ್ರು: ಅಷ್ಟೇನಾ?

ಶಿಷ್ಯ: ಬೇಗ ಹೋಗಿ ಬೇಗ ಬರುತ್ತೆ… ಏಟಿನ ಎಣಿಕೆಯೂ ಎರಡರಷ್ಟು. ಎರಡು ಎರಡ್ಲಿ ನಾಲ್ಕು.

ಮೇಷ್ಟ್ರು: ನಾಲ್ಕು. ವೇಗ ಮೂರರಷ್ಟಾದ್ರೆ ಒಂಬತ್ತು. ಒತ್ತಡ ವೇಗದ ಜೊತೆ ಹೋಗಲ್ಲ, ವೇಗದ ವರ್ಗದ ಜೊತೆ ಹೋಗುತ್ತೆ. ಅನಿಲದಲ್ಲಿ ತಾಪ ಅಂದ್ರೂ ಅದೇ, ಕಣಗಳ ಸರಾಸರಿ ಚಲನ ಶಕ್ತಿ, ವೇಗದ ವರ್ಗ. ಅದಕ್ಕೇ ಒತ್ತಡವೂ ತಾಪವೂ ಕೈ ಕೈ ಹಿಡ್ಕೊಂಡು ಏರ್ತವೆ. ನೀನು ಪರೀಕ್ಷೇಲಿ ಬರೆದಿದ್ದು ಇದೇ ತಾನೆ? ತಾಪ ಎರಡರಷ್ಟಾದ್ರೆ ಒತ್ತಡ ಎರಡರಷ್ಟು. ನಿನ್ನ ನಿಯಮ ಸರಿ ಇತ್ತು ಕಣೋ. ಈಗ ಆ ಲೆಕ್ಕಾನ ಕೆಳಗಡೆಗೆ ಓಡಿಸು. 20 ಡಿಗ್ರಿಯಿಂದ 10ಕ್ಕೆ ಇಳಿದ್ರೆ?

ಶಿಷ್ಯ: ಒತ್ತಡ ಅರ್ಧ.

ಮೇಷ್ಟ್ರು: 5ಕ್ಕೆ?

ಶಿಷ್ಯ: ಕಾಲು. ಸೊನ್ನೆ ಡಿಗ್ರಿಗೆ… ಪೂರ್ತಿ ಸೊನ್ನೆ. ಏಟೇ ಇಲ್ಲ. ಕಣ ನಿಂತೇ ಹೋಗ್ಬೇಕು. ಇದು ಹೇಗೆ ಸಾಧ್ಯ ಸಾರ್? ನಮ್ಮ ಕಡೆಯಿಂದ ಕಾಶ್ಮೀರಕ್ಕೆ ಲಾರಿ ಹೋಗ್ತವೆ. ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತೆ ಅಂತಾರೆ, ಯಾವ ಟೈರೂ ಚಪ್ಪಟೆ ಆಗಿಲ್ಲ.

ಮೇಷ್ಟ್ರು: ಆಯ್ತಲ್ಲ. ಈಗ ನೀನೇ ಹೇಳು, ನಿನ್ನ ಲೆಕ್ಕದಲ್ಲಿ ತಪ್ಪು ಎಲ್ಲಿತ್ತು?

ಶಿಷ್ಯ: ಸೊನ್ನೆಯಲ್ಲಿ. ಗೇಜಿನ ಸೊನ್ನೆ ಹಾಗೇ ಇದೂ ಸುಳ್ಳು ಸೊನ್ನೆ.

ಮೇಷ್ಟ್ರು: ಸೆಲ್ಸಿಯಸ್ ಅನ್ನೋ ಸ್ವೀಡನ್ ದೇಶದ ಖಗೋಳಜ್ಞ 1742ರಲ್ಲಿ ನೀರನ್ನ ನೋಡ್ಕೊಂಡು ಮಾಡಿದ ಅಳತೆ ಅದು. ಅವನು ಮೊದಲು ನೀರು ಕುದಿಯೋ ಜಾಗಕ್ಕೆ 0, ಹೆಪ್ಪುಗಟ್ಟೋ ಜಾಗಕ್ಕೆ 100 ಅಂತ ಇಟ್ಟಿದ್ದ. ಆಮೇಲೆ ತಿರುವಿ ಹಾಕಿದ್ರು. ತಿರುವಿ ಹಾಕಬಹುದಾದ ಸೊನ್ನೆ ಗಾಳಿಗೆ ಹೇಗೆ ಸೊನ್ನೆ ಆಗುತ್ತೆ? ಗಾಳಿಗೆ ನೀರಿನ ಹಂಗಿಲ್ಲ. ಗಾಳಿಯ ಸೊನ್ನೆ ಯಾವುದು ಅಂತ ಗಾಳಿಯನ್ನೇ ಕೇಳ್ಬೇಕು.

ಶಿಷ್ಯ: ಅಷ್ಟು ತಣ್ಣಗೆ ಮಾಡಿ ನೋಡಿದ್ರಾ?

ಮೇಷ್ಟ್ರು: ನೋಡೋಕೆ ಮುಂಚೆಯೇ ಊಹಿಸಿದ್ರು. ಸೀಮೆಸುಣ್ಣ ಕೊಡು, ನೆಲದ ಮೇಲೆ ಬರೀತೀನಿ. ಅಡ್ಡಗೆರೆ ತಾಪ, ನೆಟ್ಟಗೆರೆ ಒತ್ತಡ. ಇದು ತಣ್ಣೀರಿನ ಬಿಸಿಯಲ್ಲಿ ಗಾಳಿಯ ಒತ್ತಡ, ಇದು ಕುದಿಯೋ ನೀರಿನಲ್ಲಿ. ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ 1702ರ ಹೊತ್ತಿಗೆ ಅಳೆದಿದ್ದ, ಸುಮಾರು ಮೂರನೇ ಒಂದು ಪಾಲು ಏರುತ್ತೆ ಅಂತ. ಎರಡು ಚುಕ್ಕೆ ಸೇರಿಸಿ ಗೆರೆ ಎಳಿ. ಹಿಂದಕ್ಕೆ ಎಳೀತಾ ಹೋಗು, ಇನ್ನೂ, ಆ ತೊಟ್ಟಿ ತನಕ. ಎಲ್ಲೋ ಒಂದು ಕಡೆ ಅಡ್ಡಗೆರೆಗೆ ಬಂದು ಸೇರಲೇಬೇಕು. ಗಾಳಿಯ ಒತ್ತಡ ಸೊನ್ನೆಗಿಂತ ಕೆಳಗೆ ಹೋಗಲ್ಲ, ಹಾಗಾಗಿ ಚಳಿಗೂ ಒಂದು ತಳ ಇದೆ ಅನ್ನೋ ಯೋಚನೆ ಅಲ್ಲಿಂದ ಹುಟ್ಟಿತು. ನೂರು ವರ್ಷ ಆದ್ಮೇಲೆ, 1802ರಲ್ಲಿ, ಗೇ-ಲುಸಾಕ್ ಬೇರೆ ಬೇರೆ ಅನಿಲ ಕಾಯಿಸಿ ನೋಡಿದ. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದವು. ಅವನ ಅಂಕಿಯಿಂದ ಲೆಕ್ಕ ಹಾಕಿದ್ರೆ ತಳ ಸೊನ್ನೆಗಿಂತ 267 ಡಿಗ್ರಿ ಕೆಳಗೆ ಬರುತ್ತೆ. ಅಳತೆ ನಯವಾಗ್ತಾ ಹೋದ ಹಾಗೆ 273. ಸೊನ್ನೆ ಡಿಗ್ರಿಯಲ್ಲಿ ಇದ್ದ ಒತ್ತಡ ಡಿಗ್ರಿಗೆ 273ರಲ್ಲಿ ಒಂದು ಪಾಲಿನ ಹಾಗೆ ಇಳಿಯುತ್ತೆ.

ಶಿಷ್ಯ: 273 ಡಿಗ್ರಿ ಇಳಿದ್ರೆ 273 ಪಾಲೂ ಖಾಲಿ! ಅಂದ್ರೆ 273 ಕೂಡಿಸೋದು ಅಂದ್ರೆ… ಎಣಿಕೆಯನ್ನ ನಿಜವಾದ ತಳದಿಂದ ಶುರು ಮಾಡೋದು. ಮೂರನೇ ಮಹಡಿಯಿಂದ ಎತ್ತರ ಅಳೀತಿದ್ದೋನು ನೆಲದಿಂದ ಅಳೆದ ಹಾಗೆ.

ಮೇಷ್ಟ್ರು: ನಾನು ಕ್ಲಾಸಲ್ಲಿ ಈ ಮಾತು ಹೇಳಿದ್ದಿದ್ರೆ ಸಾಕಿತ್ತು. 1848ರಲ್ಲಿ ಕೆಲ್ವಿನ್ ತಳದಿಂದ ಎಣಿಸೋ ಅಳತೆಯನ್ನ ಗಟ್ಟಿ ಮಾಡಿದ. ನಿಜವಾದ ಅನಿಲ ಯಾವುದೂ ಅನಿಲವಾಗೇ ಆ ತಳ ಮುಟ್ಟಲ್ಲ ಅನ್ನು. ಅಷ್ಟು ನಿಧಾನವಾದ ಕಣಗಳು ಒಂದನ್ನೊಂದು ಎಳ್ಕೊಂಡು ದ್ರವ ಆಗಿಬಿಡ್ತವೆ. ಪಶು ಆಸ್ಪತ್ರೆಯ ಕ್ಯಾನಿನಲ್ಲಿ ಇದ್ದದ್ದು ಅಂಥದ್ದೇ. ಹೀಲಿಯಂ ಕೊನೇವರೆಗೂ ಹಠ ಹಿಡಿಯುತ್ತೆ, 269 ಡಿಗ್ರಿ ಕೆಳಗೆ ಹೋದ್ಮೇಲೆ ಅದೂ ದ್ರವ.

ಶಿಷ್ಯ: ನನ್ನ ಲೆಕ್ಕ ಸರಿಯಾಗಿದ್ದಿದ್ರೆ ನಾನು ಬದುಕಿರ್ತಿರಲಿಲ್ಲ ಸಾರ್. ಬೆಳಗಿನ ಜಾವ 20 ಡಿಗ್ರೀಲಿ 110 ಹಾಕಿದ ಲಾರಿ ಟೈರು ಮಧ್ಯಾಹ್ನ 60 ಡಿಗ್ರಿಗೆ ಕಾದ್ರೆ ಮೂರರಷ್ಟು, 330 ಆಗ್ಬೇಕು. ಯಾವ ಟೈರು ತಡ್ಕೊಳ್ಳುತ್ತೆ?

ಮೇಷ್ಟ್ರು: ಈಗ ಎರಡೂ ಸೊನ್ನೆ ಸರಿಮಾಡಿ ಹಾಕು. 110ಕ್ಕೆ 13.5 ಕೂಡಿಸು, 20ಕ್ಕೂ 60ಕ್ಕೂ 273 ಕೂಡಿಸು.

ಶಿಷ್ಯ: 123.5 ಗುಣಿಸು 333 ಭಾಗಿಸು 293… ಮೊಬೈಲಲ್ಲಿ 140 ಬಂತು. 13.5 ತೆಗೆದ್ರೆ 127. ಸಾರ್! ಇದೇ ಅಂಕಿ. ಬೆಳಿಗ್ಗೆ 110 ಇದ್ದದ್ದು ಮಧ್ಯಾಹ್ನ 125, 127 ತೋರಿಸೋದು ದಿನಾ ನೋಡ್ತೀನಿ.

ಮೇಷ್ಟ್ರು: ಕೈ ಸುಡೋ ಆ ಟೈರಿನಲ್ಲಿ ಕಣಗಳ ವೇಗ ಎಷ್ಟು ಹೆಚ್ಚಾಗಿದೆ ಗೊತ್ತಾ? ಸೆಕೆಂಡಿಗೆ 510 ಮೀಟರ್ ಇದ್ದದ್ದು 545. ಅಷ್ಟೇ.

ಶಿಷ್ಯ: ಈ 127ರ ಹಿಂದೆ ನನ್ನದೊಂದು ಕಥೆ ಇದೆ. ಹೊಸದಾಗಿ ಕೆಲಸ ಕಲೀತಿದ್ದಾಗ ಒಂದು ಈರುಳ್ಳಿ ಲಾರಿ ಬಂತು, ಮಧ್ಯಾಹ್ನದ ಹೊತ್ತು. ಮುಂದಿನ ಟೈರು 127 ತೋರಿಸ್ತು. ಡ್ರೈವರಣ್ಣ ಗಾಬರಿಯಾದ, ‘110 ಮಾಡಪ್ಪ, ಒಡೆದುಹೋದೀತು’ ಅಂದ. ನನಗೂ ಅದೇ ಸರಿ ಅನ್ನಿಸ್ತು. ವಾಲ್ವ್ ಪಿನ್ ಒತ್ತಿ ಇಳಿಸಿದೆ. ರಾತ್ರಿ ಎಲ್ಲೋ ನಿಲ್ಲಿಸಿ ಮಲಗಿದ್ದಾನೆ, ಬೆಳಿಗ್ಗೆ ಹೊರಟಿದ್ದಾನೆ. ಶಿರಾ ದಾಟಿದ ಮೇಲೆ ಟೈರು ಒಡೀತು. ಲಾರಿ ಡಿವೈಡರ್ ಹತ್ತಿ ನಿಂತಿತು. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡೋನು. ಲೋಡು ಜಾಸ್ತಿ ಇತ್ತು, ನನ್ನ ಒಂದೇ ತಪ್ಪಿಂದ ಅಂತ ಹೇಳಕ್ಕಾಗಲ್ಲ. ಆದ್ರೂ ಆ ಡ್ರೈವರ್ ವಾಪಸ್ ಬಂದು ಆ ಟೈರಿನ ತುಂಡು ನನ್ನ ಮುಂದೆ ಇಟ್ಟಾಗ ಊಟ ಸೇರಲಿಲ್ಲ.

ಮೇಷ್ಟ್ರು: ಅದನ್ನೂ ಲೆಕ್ಕ ಹಾಕಿ ನೋಡು. ನೀನು 60 ಡಿಗ್ರೀಲಿ 110ಕ್ಕೆ ತಂದೆ. ರಾತ್ರಿ 20ಕ್ಕೆ ಇಳಿದಾಗ?

ಶಿಷ್ಯ: 123.5, ಗುಣಿಸು 293, ಭಾಗಿಸು 333… 108 ಮುಕ್ಕಾಲು. 13.5 ತೆಗೆದ್ರೆ 95. ಹದಿನೈದು ಪೌಂಡ್ ಕಮ್ಮಿ. ಅಷ್ಟು ಕಮ್ಮಿ ಇಟ್ಕೊಂಡು ಲೋಡ್ ಹೊತ್ರೆ ಟೈರಿನ ಪಕ್ಕೆ ಉರುಳುರುಳಿಗೂ ಬಾಗುತ್ತೆ, ಬಾಗಿ ಬಾಗಿ ಒಳಗಿನ ತಂತಿ ದಾರ ಕಾಯ್ತವೆ. ಗಾಳಿ ಜಾಸ್ತಿಯಾಗಿ ಒಡೆಯೋದಕ್ಕಿಂತ ಕಮ್ಮಿಯಾಗಿ ಒಡೆಯೋದನ್ನೇ ನಾನು ಹೆಚ್ಚು ನೋಡಿದ್ದೀನಿ. ಇವತ್ತಿಗೂ ಬಿಸಿ ಟೈರಲ್ಲಿ ಗಾಳಿ ಇಳಿಸು ಅಂತ ಬರ್ತಾರೆ. ನಾನು ಇಳಿಸಲ್ಲ. ಬೈದು ಹೋಗ್ತಾರೆ, ಹೋಗ್ಲಿ ಅಂತೀನಿ. ಕಾರಣ ಕೇಳಿದ್ರೆ ಅನುಭವ ಅಂತಿದ್ದೆ, ಇನ್ಮೇಲೆ ಲೆಕ್ಕ ಹೇಳ್ತೀನಿ.

ಮೇಷ್ಟ್ರು: ನಾನು ನಿನ್ನ ಉತ್ತರಕ್ಕೆ ಗೀಟು ಹೊಡೆದದ್ದು ನೆನೆದು ನನಗೆ ಇನ್ನೊಬ್ಬನ ನೆನಪು ಬಂತು. ಅವನೂ ಮೇಷ್ಟ್ರು. ಜಾನ್ ಜೇಮ್ಸ್ ವಾಟರ್‌ಸ್ಟನ್ ಅಂತ, ಸ್ಕಾಟ್ಲೆಂಡಿನೋನು. ನಮ್ಮ ಬೊಂಬಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳ್ತಿದ್ದ. ಆ ಕೆಲಸದ ನಡುವೆ ಕೂತು, ಅನಿಲ ಅಂದ್ರೆ ಓಡಾಡೋ ಕಣಗಳು, ತಾಪ ಅಂದ್ರೆ ಅವುಗಳ ವೇಗದ ವರ್ಗ, ಹಗುರವಾದ ಕಣ ಜೋರಾಗಿ ಓಡುತ್ತೆ, ಭಾರದ ಕಣ ನಿಧಾನ, ಒಂದೇ ತಾಪದಲ್ಲಿ ಎರಡರ ಶಕ್ತಿಯೂ ಸಮ ಅಂತೆಲ್ಲ ಲೆಕ್ಕ ಮಾಡಿ 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ನಿನಗೆ ಈಗ ಹೇಳಿದ್ನಲ್ಲ, ಅದರ ತಿರುಳೆಲ್ಲ ಅದರಲ್ಲಿತ್ತು.

ಶಿಷ್ಯ: ದೊಡ್ಡ ಹೆಸರು ಬಂದಿರ್ಬೇಕು.

ಮೇಷ್ಟ್ರು: ಇಲ್ಲ. ಪರಿಶೀಲಿಸಿದವರಲ್ಲಿ ಒಬ್ಬರು ಇದು ಅಸಂಬದ್ಧ, ಸಭೆಯಲ್ಲಿ ಓದೋಕೂ ಲಾಯಕ್ಕಿಲ್ಲ ಅಂತ ಷರಾ ಬರೆದ್ರು. ಪ್ರಬಂಧ ಅಚ್ಚಾಗಲಿಲ್ಲ, ಅದು ಸೊಸೈಟಿಯ ಕಪಾಟಿನಲ್ಲೇ ಉಳೀತು, ಅವನ ಹತ್ರ ಬೇರೆ ಪ್ರತಿಯೂ ಇರಲಿಲ್ಲ. ಹದಿನೈದು ವರ್ಷದೊಳಗೆ ಕ್ಲಾಸಿಯಸ್, ಮ್ಯಾಕ್ಸ್‌ವೆಲ್ ಅದೇ ದಾರಿ ಹಿಡಿದು ಹೆಸರಾದ್ರು. 1883ರ ಜೂನ್‌ನಲ್ಲಿ ಒಂದು ದಿನ ವಾಟರ್‌ಸ್ಟನ್ ಎಡಿನ್‌ಬರೋದ ಮನೆಯಿಂದ ಹೊರಗೆ ಹೋದೋನು ಮತ್ತೆ ಬರಲೇ ಇಲ್ಲ. ಆಮೇಲೆ ಲಾರ್ಡ್ ರ‍್ಯಾಲಿ ಆ ಕಪಾಟಿನಿಂದ ಪ್ರಬಂಧ ಹುಡುಕಿ ತೆಗೆದು 1892ರಲ್ಲಿ ಅಚ್ಚು ಹಾಕಿಸಿದ, ಜೊತೆಗೆ ಮುನ್ನುಡಿಯನ್ನೂ ಬರೆದ.

ಶಿಷ್ಯ: ನಲವತ್ತೇಳು ವರ್ಷ. ನೋಡೋಕೆ ಅವನೇ ಇಲ್ಲ.

ಮೇಷ್ಟ್ರು: ಆ ಷರಾ ಬರೆದವರು ಮೂರ್ಖರಾಗಿರಲಿಲ್ಲ ಕಣಪ್ಪ. ಕೆಂಪು ಶಾಯಿ ಕೈಯಲ್ಲಿತ್ತು, ಕೂತು ಕೇಳೋ ಪುರಸೊತ್ತು ಇರಲಿಲ್ಲ. ನಾನು ನಿನ್ನ ಉತ್ತರಕ್ಕೆ ಗೀಟು ಎಳೆದಾಗ ಅದರಲ್ಲಿ ಅರ್ಧ ಸರಿ ಇದೆ ಅಂತ ನೋಡಲೇ ಇಲ್ಲವಲ್ಲ.

ಶಿಷ್ಯ: ಬಿಡಿ ಸಾರ್. ಇನ್ನೊಂದು ಕೇಳ್ತೀನಿ. ಈಚೆಗೆ ಎಲ್ಲರೂ ನೈಟ್ರೋಜನ್ ಹಾಕಿ ಅಂತಾರೆ. ನೈಟ್ರೋಜನ್ ಬಿಸಿಲಿಗೆ ಉಬ್ಬೋದೇ ಇಲ್ಲ ಅಂತ ಹೇಳಿ ದುಡ್ಡು ತಗೊಳ್ತಾರೆ. ನಿಜಾನಾ?

ಮೇಷ್ಟ್ರು: ಸುಳ್ಳು. ಗೇ-ಲುಸಾಕ್ ನೋಡಿದ್ದು ಅದನ್ನೇ, ಎಲ್ಲಾ ಅನಿಲಕ್ಕೂ ಒಂದೇ ಲೆಕ್ಕ. ಹಗುರ ಕಣ ಮೆಲ್ಲಗೆ ಬಡಿದ್ರೂ ಹೆಚ್ಚು ಸಲ ಬಡಿಯುತ್ತೆ, ಭಾರದ ಕಣ ಕಮ್ಮಿ ಸಲ, ಆದ್ರೆ ಜೋರಾಗಿ. ಕೊನೆಗೆ ಲೆಕ್ಕಕ್ಕೆ ಬರೋದು ಕಣದ ಎಣಿಕೆ, ಕಣದ ಜಾತಿ ಅಲ್ಲ. ನೀನು ತುಂಬೋ ಗಾಳಿಯಲ್ಲಿ ಹೇಗೂ 78 ಪಾಲು ಅದೇ ಇದೆ.

ಶಿಷ್ಯ: ಆದ್ರೆ ನೈಟ್ರೋಜನ್ ಹಾಕಿದ ಟೈರಲ್ಲಿ ಒತ್ತಡ ಸ್ವಲ್ಪ ಸಮನಾಗಿ ನಿಲ್ಲುತ್ತೆ ಸಾರ್, ನಾನೇ ನೋಡಿದ್ದೀನಿ.

ಮೇಷ್ಟ್ರು: ಅದು ಒಣಗಿರುತ್ತೆ, ಮುಖ್ಯ ಕಾರಣ ಅದು. ನಿನ್ನ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ದಿನಾ ನೀರು ಕೂರಲ್ವಾ?

ಶಿಷ್ಯ: ಕೂರುತ್ತೆ. ಸಂಜೆ ಕೆಳಗಿನ ಕಾಕ್ ತಿರುಗಿಸಿ ಬಿಡ್ತೀನಿ, ತುಕ್ಕಿನ ನೀರು ಬರುತ್ತೆ. ಮಳೆಗಾಲದಲ್ಲಿ ಅರ್ಧ ಚೊಂಬು.

ಮೇಷ್ಟ್ರು: ಆ ನೀರು ಟೈರಿಗೆ ಹೋದ್ರೆ ಬಿಸಿಯಲ್ಲಿ ಆವಿಯಾಗಿ ಹೊಸದಾಗಿ ಕಣಗಳನ್ನ ಸೇರಿಸುತ್ತೆ. ತಣ್ಣಗಾದ್ರೆ ಮತ್ತೆ ದ್ರವ. ಕಣದ ಎಣಿಕೆಯೇ ಏರಿಳಿತ ಆದಾಗ ಒತ್ತಡವೂ ಲೆಕ್ಕ ಮೀರಿ ಏರಿಳಿಯುತ್ತೆ. ಟ್ಯಾಂಕ್ ನೀರು ತಪ್ಪದೆ ಬಿಡು, ನಿನ್ನ ಗಾಳಿ ಅದಕ್ಕಿಂತ ಬಹಳ ಕಡೆ ಏನಲ್ಲ.

ಶಿಷ್ಯ: ಟೈರು ಮುಟ್ಟಿ ನೋಡಿ ಸಾರ್, ಆರಿದೆ. ಅಳೆಯೋಕೆ ಮುಂಚೆ ನೀವೇ ಎಷ್ಟು ಬರುತ್ತೆ ಹೇಳಿ.

ಮೇಷ್ಟ್ರು: ನಾನ್ಯಾಕೆ, ನೀನೇ ಹೇಳು. ಬಂದಾಗ ಎಷ್ಟು ಬಿಸಿ ಇತ್ತು ಅಂತೀಯ, ಕೈಯಂದಾಜು?

ಶಿಷ್ಯ: 50 ಇರ್ಬೇಕು. ಈಗ ಈ ನೆರಳಿನಷ್ಟೇ, 35. ಮೊದಲು ನನ್ನ ಹಳೇ ಲೆಕ್ಕ, 29 ಗುಣಿಸು 35 ಭಾಗಿಸು 50, 20 ಬರುತ್ತೆ. ಹಾಗಿದ್ರೆ ನಿಮ್ಮ ಟೈರು ಈಗ ನೆಲಕ್ಕೆ ಕೂತಿರ್ಬೇಕಿತ್ತು. ಸರಿ ಲೆಕ್ಕ, 29 ಮತ್ತು 13.5, 42.5. ಗುಣಿಸು 308, ಭಾಗಿಸು 323… 40 ಅರೆ. 13.5 ಕಳೀರಿ. 27.

ಮೇಷ್ಟ್ರು: ಗೇಜ್ ಹಚ್ಚು.

ಶಿಷ್ಯ: 27. ಒಂದು ಕೂದಲೆಳೆ ಮೇಲಿದೆ, ಬನ್ನಿ, ನೀವೇ ನೋಡಿ.

ಮೇಷ್ಟ್ರು: ಕನ್ನಡಕ ಹಾಕ್ಕೊಂಡಿಲ್ಲ, ತಡಿ… ಹ್ಞಾ, 27. ಎರಡು ಪೌಂಡ್ ಹಾಕು.

ಶಿಷ್ಯ: ಹಾಕಿದೆ. 29, ತಣ್ಣಗಿನ 29. ವಾಲ್ವ್ ಬಾಯಿಗೆ ಎಂಜಲು ಹಚ್ಚಿ ನೋಡ್ತೀನಿ, ಬೇಜಾರಾಗ್ಬೇಡಿ, ನಮ್ಮ ಕಸುಬಿನಲ್ಲಿ ಹೀಗೇ. ಗುಳ್ಳೆ ಬರ್ತಿಲ್ಲ. ಮುಚ್ಚಳ ಹಾಕಿದೆ.

ಮೇಷ್ಟ್ರು: ಮುಂದಿನದನ್ನೂ ನೋಡಿಬಿಡು. ಅದಕ್ಕೆ 22.